ಮುಚ್ಚಿದ ಬಾಗಿಲು, ತೆರೆದ ಬಯಲು: ಸುನೀಲ್ ಕುಮಾರ್ ದೇಸಾಯಿ ಮತ್ತು ‘ಉದ್ಘರ್ಷ’

ಕನ್ನಡದಲ್ಲಿ ಥ್ರಿಲ್ಲರ್ ಎಂದಾಗ ಮೊದಲು ನೆನಪಾಗುವ ಹೆಸರು ನಿರ್ದೇಶಕ ಸುನೀಲ್ ಕುಮಾರ್ ದೇಸಾಯಿ. ಅವರ ‘ತರ್ಕ’ ಬಂದದ್ದು 1989ರಲ್ಲಿ, ‘ಉದ್ಘರ್ಷ’ 2019ರಲ್ಲಿ. ಮೂವತ್ತು ವರ್ಷಗಳ ಅಂತರದ ಈ ಎರಡನ್ನೂ ಇವತ್ತು ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯ ಹುಡುಗನೊಬ್ಬ ಮೊಬೈಲಿನಲ್ಲಿ ಒಂದರ ಹಿಂದೊಂದು ನೋಡಿದರೆ, ಎರಡೂ ಒಬ್ಬರದೇ ಎಂದು ನಂಬುವುದು ಕಷ್ಟ. ವಯಸ್ಸಾಯಿತು, ಕೈ ಸೋತಿತು ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಕಾರಣ ಬೇರೆ ಕಾಣುತ್ತದೆ: ದೇಸಾಯಿಯವರ ಚಿತ್ರಗಳಲ್ಲಿ ಭಯ ಹುಟ್ಟುತ್ತಿದ್ದದ್ದು ಇಕ್ಕಟ್ಟಿನಲ್ಲಿ, ‘ಉದ್ಘರ್ಷ’ ಆ ಇಕ್ಕಟ್ಟನ್ನೇ ಬಿಟ್ಟುಕೊಟ್ಟಿತು.

‘ತರ್ಕ’ದಲ್ಲಿ ಹಾಡಿಲ್ಲ. ಶಂಕರ್ ನಾಗ್, ದೇವರಾಜ್, ವನಿತಾ ವಾಸು ಎಂಬ ಕೆಲವೇ ಮುಖಗಳು; ಕಥೆಯ ಜೀವವೆಲ್ಲ ಒಂದು ಮನೆಯೊಳಗೆ. ಮನೆಯ ಮೂಲೆಗಳೆಲ್ಲ ನಮಗೆ ಪರಿಚಯವಾಗಿಬಿಟ್ಟಿರುವುದರಿಂದ, ಕದ ಸ್ವಲ್ಪ ಸರಿದರೂ ಎದೆ ಧಸಕ್ಕೆನ್ನುತ್ತದೆ. 1993ರ ‘ನಿಷ್ಕರ್ಷ’ದಲ್ಲಿ ಮನೆಯ ಬದಲು ಬಹುಮಹಡಿ ಕಟ್ಟಡ, ಅದರೊಳಗೊಂದು ಬ್ಯಾಂಕು. ಹಾಲಿವುಡ್ಡಿನ ‘ಡೈ ಹಾರ್ಡ್’ನ ನೆರಳು ಅದರ ಮೇಲಿದೆ, ಒಪ್ಪೋಣ. ಆದರೂ ಒಳಗೆ ವಿಷ್ಣುವರ್ಧನ್, ಹೊರಗೆ ಅನಂತನಾಗ್ ಎಂಬ ಆ ಹಂಚಿಕೆಯಲ್ಲಿ, ಹೊರಗಿನವರಿಗೆ ತಿಳಿಯದ್ದು ನಮಗೆ ತಿಳಿದಿರುತ್ತದೆ. ಚಡಪಡಿಕೆ ಹುಟ್ಟುವುದೇ ಅಲ್ಲಿ. 1995ರ ‘ಬೆಳದಿಂಗಳ ಬಾಲೆ’ ಥ್ರಿಲ್ಲರ್ ಅಲ್ಲದಿದ್ದರೂ ವಿದ್ಯೆ ಅದೇ: ಫೋನಿನಲ್ಲಿ ದನಿ ಕೊಟ್ಟು ಮುಖವನ್ನು ತಡೆಹಿಡಿಯುವುದು.

‘ಉದ್ಘರ್ಷ’ಕ್ಕೆ ಬಂದರೆ ಠಾಕೂರ್ ಅನೂಪ್ ಸಿಂಗ್, ಧನ್ಸಿಕಾ, ತಾನ್ಯಾ ಹೋಪ್, ಕಬೀರ್ ದುಹಾನ್ ಸಿಂಗ್ ಎಂದು ನಾನಾ ಕಡೆಯ ನಟರು, ಹಲವು ಭಾಷೆಗಳ ಮಾರುಕಟ್ಟೆ, ಓಟ, ಹೊಡೆದಾಟ, ತಿರುವಿನ ಮೇಲೆ ತಿರುವು. ಕೊನೆಯವರೆಗೂ ಗುಟ್ಟು ಬಿಡದ ಹಳೆಯ ಹಟವೇನೋ ಇದೆ. ಆದರೆ ಗುಟ್ಟು ಕಾಡಬೇಕಾದರೆ ಅದು ಯಾರ ಬದುಕಿಗೆ ಕುತ್ತು ತರುತ್ತದೋ ಅವರು ನಮಗೆ ಹತ್ತಿರವಾಗಬೇಕು. ಇಲ್ಲಿ ಅದಕ್ಕೆ ಬಿಡುವೇ ಇಲ್ಲ.

ಇಟಲಿಯ ನಿರ್ದೇಶಕ ದಾರಿಯೋ ಅರ್ಜೆಂತೊ ಅವರಿಗೂ ಹೀಗೇ ಆಯಿತು. 1977ರ ‘ಸುಸ್ಪೀರಿಯಾ’ದಲ್ಲಿ ನೃತ್ಯಶಾಲೆಯ ಕಟ್ಟಡವೇ, ಅದರ ಕಡುಗೆಂಪು ಗೋಡೆಗಳೇ ಹೆದರಿಸುತ್ತವೆ. 2004ರ ‘ಇಲ್ ಕಾರ್ತಾಯೋ’ದಲ್ಲಿ ಕೊಲೆಗಾರ ಪೊಲೀಸರ ಜೊತೆ ಅಂತರ್ಜಾಲದಲ್ಲಿ ಪೋಕರ್ ಆಡುತ್ತಾನೆ, ಪಣಕ್ಕಿಟ್ಟದ್ದು ಅಪಹರಿಸಿದ ಹೆಣ್ಣಿನ ಜೀವ. ಉಪಾಯ ಚೆನ್ನಾಗಿದೆ. ಆದರೆ ಭಯ ಗೋಡೆ ಬಿಟ್ಟು ಕಂಪ್ಯೂಟರ್ ಪರದೆ ಸೇರಿದಾಗ, ನಾವೂ ಪೊಲೀಸರ ಹಾಗೆ ದೂರದಿಂದ ನೋಡುತ್ತ ಕೂರುತ್ತೇವೆ.

ಕಾಲ ಬದಲಾಗಿದೆ, ನಾಲ್ಕು ಗೋಡೆಯ ಕಥೆಗೆ ಇವತ್ತು ಹಣ ಹಾಕುವವರು ಯಾರು ಎಂದು ಕೇಳಬಹುದು. ಹೊಸಕೋಟೆ ತಾಲ್ಲೂಕಿನಂಥ ಕಡೆ ತೆಲುಗು, ತಮಿಳು ಚಿತ್ರಗಳೂ ಮನೆಮಾತಾಗಿರುವಾಗ ಹಲವು ಭಾಷೆಗೆ ಸಲ್ಲುವ ಚಿತ್ರ ಮಾಡಿದ್ದರಲ್ಲಿ ತಪ್ಪೇನು? ತಪ್ಪಿಲ್ಲ. ಆದರೆ ಗಡಿ ದಾಟುವುದಕ್ಕೆ ಕಥೆ ಹಿಗ್ಗಲೇಬೇಕೆಂಬ ನಂಬಿಕೆಯನ್ನು ದೇಸಾಯಿಯವರ ಕೆಲಸವೇ ಸುಳ್ಳಾಗಿಸುತ್ತದೆ. ಒಂದು ಮನೆಯೊಳಗಿನ ‘ತರ್ಕ’ 1990ರಲ್ಲೇ ‘ಪುರಿಯಾದ ಪುದಿರ್’ ಆಗಿ ತಮಿಳಿಗೆ ಹೋಯಿತು. ‘ಬೆಳದಿಂಗಳ ಬಾಲೆ’ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಬಂದು ಕನ್ನಡದ್ದೇ ಆಯಿತು. ಪ್ರೇಕ್ಷಕರಿಗೆ ತಾಳ್ಮೆಯಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ‘ಉದ್ಘರ್ಷ’ ತೆರೆಕಂಡ ವರ್ಷವೇ ಹೇಮಂತ್ ರಾವ್ ಅವರ ‘ಕವಲುದಾರಿ’ ಬಂತು: ಹಳೆಯ ಕೊಲೆಯೊಂದರ ನಿಧಾನವಾದ ತನಿಖೆ, ಹೆಚ್ಚಿನ ಭಾಗ ಮಾತು, ಮೌನ, ಕಡತಗಳು. ಜನ ಅದನ್ನು ಮೆಚ್ಚಿದರು. ಅದರ ನಿವೃತ್ತ ಪೊಲೀಸ್ ಅಧಿಕಾರಿ, ‘ನಿಷ್ಕರ್ಷ’ದಲ್ಲಿ ಕಟ್ಟಡದ ಹೊರಗೆ ನಿಂತಿದ್ದ ಅದೇ ಅನಂತನಾಗ್.