ಪರವಾನಗಿ ಇದ್ದರೆ ಜೂಜು ಚೊಕ್ಕ ಆಗುತ್ತದೆಯೇ?

ನವಲಗುಂದ, ಕುಂದಗೋಳ, ಅಣ್ಣಿಗೇರಿ, ಕಲಘಟಗಿಯ ಕಟ್ಟೆಗಳ ಮೇಲೆ ಗೋವಾದ ಕ್ಯಾಸಿನೊ ಈಗ ದೂರದ ಸುದ್ದಿಯಲ್ಲ. ಅನಮೋಡ ಘಾಟ್ ಇಳಿದರೆ ಪಣಜಿ ಕೆಲವೇ ತಾಸಿನ ದಾರಿ. ಜೂಜಿನ ಕಾನೂನು, ಲೈಸನ್ಸ್, ಲೆಕ್ಕದ ಬಗ್ಗೆ ಓಡಾಡುವ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ತಿದ್ದಿಕೊಳ್ಳೋಣ.

ತಪ್ಪು ಕಲ್ಪನೆ: "ಗೋವಾದಾಗ ನಡಿತೈತಿ ಅಂದಮ್ಯಾಲೆ ನಮ್ಮಲ್ಲೂ ಲೈಸನ್ಸ್ ಸಿಗತೈತಿ."

ವಾಸ್ತವ: ಸಂವಿಧಾನದ ಪ್ರಕಾರ ಬಾಜಿ ಮತ್ತು ಜೂಜು ರಾಜ್ಯಪಟ್ಟಿಯ ವಿಷಯ. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಅನುಮತಿ ಕೊಟ್ಟಿತು; 1996ರಲ್ಲಿ ಹಡಗಿನ ಮೇಲಿನ ಟೇಬಲ್ ಆಟಗಳಿಗೂ ದಾರಿ ತೆರೆಯಿತು. ಸಿಕ್ಕಿಂ 2002ರಲ್ಲಿ ತನ್ನದೇ ಕ್ಯಾಸಿನೊ ಕಾಯ್ದೆ ಮಾಡಿತು. ಕರ್ನಾಟಕದಲ್ಲಿ ಅಂಥ ಕಾಯ್ದೆಯೇ ಇಲ್ಲ. ಇಲ್ಲಿರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದರಲ್ಲಿ ಜೂಜುಕಟ್ಟೆ ನಡೆಸುವುದೂ ಅಪರಾಧ, ಅಲ್ಲಿ ಕುಳಿತು ಆಡುವುದೂ ಅಪರಾಧ.

ತಪ್ಪು ಕಲ್ಪನೆ: "ಲೈಸನ್ಸ್ ಇದ್ರ ಅದೂ ಎಲ್ಲಾ ವ್ಯಾಪಾರದಂಗ ಒಂದು ವ್ಯಾಪಾರ."

ವಾಸ್ತವ: ಇದನ್ನು ಇತ್ಯರ್ಥ ಮಾಡಿದ ಪ್ರಕರಣದ ಬೇರು ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆ 'ಆರ್.ಎಂ.ಡಿ.ಸಿ. ಕ್ರಾಸ್‌ವರ್ಡ್ಸ್' ಎಂಬ ಬಹುಮಾನದ ಪದಬಂಧ ನಡೆಸುತ್ತಿತ್ತು. ಮುಂಬಯಿ ರಾಜ್ಯದಲ್ಲೂ ಅದಕ್ಕೆ ದೊಡ್ಡ ಪ್ರಸಾರವಿತ್ತು. ಧಾರವಾಡ ಜಿಲ್ಲೆ 1956ರವರೆಗೆ ಅದೇ ಮುಂಬಯಿ ರಾಜ್ಯದಲ್ಲಿತ್ತು. ಲೈಸನ್ಸ್ ಪಡೆಯಬೇಕು, ತೆರಿಗೆ ಕಟ್ಟಬೇಕು ಎಂದು ಮುಂಬಯಿ ಸರ್ಕಾರ ಪಟ್ಟು ಹಿಡಿದಾಗ ಪ್ರವರ್ತಕರು ಕೋರ್ಟಿಗೆ ಹೋದರು. 1957ರಲ್ಲಿ ಸುಪ್ರೀಂ ಕೋರ್ಟ್, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ ಎಂದು ತೀರ್ಪು ಕೊಟ್ಟಿತು. ಹೀಗಾಗಿ ಜೂಜು ನಡೆಸುವುದು ಯಾರ ಮೂಲಭೂತ ಹಕ್ಕೂ ಅಲ್ಲ.

ತಪ್ಪು ಕಲ್ಪನೆ: "ಸರಕಾರ ಒಪ್ಪಿಗಿ ಕೊಟ್ಟೈತಿ, ಆಡಾವ್ರಿಗೆ ಲುಕ್ಸಾನ ಆಗಂಗಿಲ್ಲ."

ವಾಸ್ತವ: ಲೈಸನ್ಸ್ ಸರ್ಕಾರಕ್ಕೆ ಶುಲ್ಕ, ತೆರಿಗೆ ತರುತ್ತದೆ, ಆಡುವವನ ಜೇಬು ಕಾಯುವುದಿಲ್ಲ. ಒಂದೇ ಸೊನ್ನೆ ಇರುವ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ. ಪ್ರತಿ ಮನೆಗೂ 100 ರೂಪಾಯಿ ಕಟ್ಟಿದರೆ 3,700 ಹೋಗುತ್ತದೆ, ಗೆದ್ದ ಮನೆಯಿಂದ 3,600 ಬರುತ್ತದೆ. ಮೋಸವೇ ಬೇಕಿಲ್ಲ, ಲೆಕ್ಕವೇ ಸಾಕು. ಗೋವಾ ಸರ್ಕಾರ 2020ರಿಂದ ತನ್ನ ನಿವಾಸಿಗಳು ಕ್ಯಾಸಿನೊದಲ್ಲಿ ಆಡುವುದನ್ನು ನಿರ್ಬಂಧಿಸಿದೆ. ಅಂದಮೇಲೆ ಆ ಹಡಗುಗಳು ನಡೆಯುವುದು ಹೊರಗಿನಿಂದ ಹೋದವರ ದುಡ್ಡಿನ ಮೇಲೆ.

ತಪ್ಪು ಕಲ್ಪನೆ: "ಓಸಿ ನಮ್ಮೂರ ಸಣ್ಣ ಆಟ. ಹತ್ತು ರೂಪಾಯಿದಾಗ ಏನ್ ಹೋಗತೈತಿ?"

ವಾಸ್ತವ: ಓಸಿ ಎಂದರೆ ಮಟ್ಕಾ. ಅದು ಹುಟ್ಟಿದ್ದು ನಮ್ಮ ಭಾಗದ ರೈತರು ಬೆಳೆಯುವ ಹತ್ತಿಯ ಹೆಸರಿನಲ್ಲೇ. ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರ ಮುಂಬಯಿಗೆ ಬರುತ್ತಿತ್ತು, ಆ ಅಂಕಿಗಳ ಮೇಲೆ ಬಾಜಿ ಕಟ್ಟುತ್ತಿದ್ದರು. ಆ ದರ ಬರುವುದು ನಿಂತ ಮೇಲೆ 1960ರ ದಶಕದಲ್ಲಿ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಎಂಬ ಬುಕ್ಕಿಗಳು ತಾವೇ ಅಂಕಿ ತೆಗೆಯಲು ಶುರುಮಾಡಿದರು. ಹತ್ತು ಅಂಕಿಗಳ ಪೈಕಿ ಬರುವುದು ಒಂದೇ. ಒಂದಕ್ಕೆ ಒಂಬತ್ತರಂತೆ ಕೊಟ್ಟರೂ ಪ್ರತಿ ನೂರಕ್ಕೆ ಹತ್ತು ರೂಪಾಯಿ ಬುಕ್ಕಿಯ ಪಾಲು. ಮೇಲೆ ಹೇಳಿದ ರೂಲೆಟ್ ಚಕ್ರ ನೂರಕ್ಕೆ ಮೂರು ರೂಪಾಯಿಯನ್ನೂ ಪೂರ್ತಿ ಕೀಳುವುದಿಲ್ಲ. ಸಣ್ಣದೆಂದು ಕಾಣುವ ಓಸಿಯೇ ಹೆಚ್ಚು ಸುಲಿಯುತ್ತದೆ.

ತಪ್ಪು ಕಲ್ಪನೆ: "ಪಂಚಮಿ, ದೀಪಾವಳಿಗೆ ಎಲಿ ಆಡಾಕ ಮಾಫಿ ಐತಿ."

ವಾಸ್ತವ: ಕಾಯ್ದೆಯಲ್ಲಿ ಹಬ್ಬದ ರಿಯಾಯಿತಿ ಇಲ್ಲ. ರಮ್ಮಿಯನ್ನು ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿದೆ. ಬರೀ ಅದೃಷ್ಟದ ಮೇಲೆ ನಡೆಯುವ ಅಂದರ್-ಬಾಹರ್‌ಗೆ ಆ ಆಸರೆ ಸಿಗದು. ಪಂಚಮಿಯ ಜೋಕಾಲಿ, ನಿಂಬೆಹಣ್ಣು ಎಸೆತದ ಸಂತೋಷಕ್ಕೆ ದುಡ್ಡಿನ ಪಣ ಬೇಕಾಗಿಯೂ ಇಲ್ಲ.

ತಪ್ಪು ಕಲ್ಪನೆ: "ಮೊಬೈಲ್‌ದಾಗ ಆಡಾಕ ಹೈಕೋರ್ಟೇ ಒಪ್ಪೈತಿ."

ವಾಸ್ತವ: ರಾಜ್ಯದ 2021ರ ಆನ್‌ಲೈನ್ ಜೂಜು ತಿದ್ದುಪಡಿಯ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿದ್ದು ನಿಜ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ಅದೃಷ್ಟದ ಆಟ, ಕೌಶಲದ ಆಟ ಎಂಬ ಭೇದ ಅದರಲ್ಲಿಲ್ಲ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ.

ತಪ್ಪು ಕಲ್ಪನೆ: "ಆಟದಾಗ ಸೋತ ಬಾಕಿಗೆ ಹೊಲಾ ಬರದು ಕೊಡಲೇಬೇಕು."

ವಾಸ್ತವ: 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರು ಅನೂರ್ಜಿತ, ಗೆದ್ದವನು ಕೋರ್ಟಿಗೆ ಹೋಗಿ ಆ ಹಣ ವಸೂಲಿ ಮಾಡಲು ಬರುವುದಿಲ್ಲ. ಆದರೆ ಆಟಕ್ಕೆಂದು ಬ್ಯಾಂಕಿನಿಂದಲೋ ಪರಿಚಯದವರಿಂದಲೋ ತಂದ ಸಾಲದ ಮಾತು ಬೇರೆ, ಅದು ತಲೆಯ ಮೇಲೆ ಹಾಗೇ ಉಳಿಯುತ್ತದೆ. ಆದ್ದರಿಂದ ಯಾರು ಹೆದರಿಸಿದರೂ ಖಾಲಿ ಬಾಂಡ್ ಪೇಪರಿಗೆ ಸಹಿ ಹಾಕಬೇಡಿ, ಉತಾರ ಒತ್ತೆ ಇಡಬೇಡಿ. ಮೊದಲು ಮನೆಯವರಿಗೆ ಹೇಳಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಲಹೆ ಕೇಳಿ. ಸೋತ ದುಡ್ಡು ಹೋಯಿತು, ಹೊಲವನ್ನಾದರೂ ಉಳಿಸಿಕೊಳ್ಳಿ.