‘ಜೀವಜಲ’ವೆಂಬ ಹೆಸರು



ಹಬ್ಬದ ದಿನ ಕೆಲವು ಮನೆಗಳಿಗೆ ಬರುವ ವಿಸ್ಕಿ ಬಾಟಲಿಗೂ ಧರ್ಮಸಭೆಯ ಚರಿತ್ರೆಗೂ ಒಂದು ನಂಟಿದೆ.

ಅನ್ನ ಬೇಯುವಾಗ ಮುಚ್ಚಳದ ಒಳಗೆ ಆವಿ ಹನಿಗಟ್ಟುವುದನ್ನು ನೋಡಿದ್ದೀರಿ. ಭಟ್ಟಿ ಇಳಿಸುವುದೂ ಹಾಗೆಯೇ. ನೀರು 100 ಡಿಗ್ರಿಯಲ್ಲಿ ಕುದಿದರೆ, ಮದ್ಯಸಾರಕ್ಕೆ ಸುಮಾರು 78 ಸಾಕು. ಹುಳಿ ಬರಿಸಿದ ಬಾರ್ಲಿ ರಸವನ್ನು ಕಾಯಿಸಿ, ಮೊದಲು ಏಳುವ ಆವಿಯನ್ನು ತಣಿಸಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಅದೇ ವಿಸ್ಕಿ.

ಯುರೋಪಿನ ಮಠಗಳಲ್ಲಿ ಸಂನ್ಯಾಸಿಗಳು ಔಷಧಿಗೆಂದು ಭಟ್ಟಿ ಇಳಿಸುತ್ತಿದ್ದರು. ಜಾನ್ ಕಾರ್ ಎಂಬ ಸಂನ್ಯಾಸಿಗೆ ‘ಅಕ್ವಾ ವೀಟೆ’ ತಯಾರಿಸಲು ಮೊಳಕೆ ಬಾರ್ಲಿ ಕೊಟ್ಟ ವಿಷಯ ಸ್ಕಾಟ್ಲೆಂಡ್ ಅರಸನ 1494ರ ಲೆಕ್ಕದಲ್ಲಿದೆ. ಆ ಲತೀನ್ ಪದಕ್ಕೂ ‘ವಿಸ್ಕಿ’ಯ ಮೂಲಪದಕ್ಕೂ ಅರ್ಥ ಒಂದೇ: ಜೀವಜಲ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡಿಸ್ಟಿಲರಿಯ ಹೆಸರೂ ‘ಅಮೃತ್’. ಅದರ ಸಿಂಗಲ್ ಮಾಲ್ಟ್ ವಿಸ್ಕಿ 2004ರಲ್ಲಿ ಸ್ಕಾಟ್ಲೆಂಡಿನಲ್ಲೇ ಬಿಡುಗಡೆಯಾಯಿತು.

ಹೆಸರು ದೊಡ್ಡದು, ಫಲವೋ? ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕಡಬದ ತೆಂಗಿನ ತೋಟದಲ್ಲಿ ದುಡಿದ ಕೂಲಿ ಅಗ್ಗದ ಬಾಟಲಿಗೆ ಹೋದರೆ, ಮನೆಯಲ್ಲಿ ಒಲೆ ಉರಿಯುವುದು ಹೇಗೆ?

ಪೀಪಾಯಿಯಿಂದ ಆವಿಯಾಗಿ ಹೋಗುವುದಕ್ಕೆ ‘ದೇವದೂತರ ಪಾಲು’ ಎನ್ನುತ್ತಾರೆ. ವರ್ಷಕ್ಕೆ ಸ್ಕಾಟ್ಲೆಂಡಿನಲ್ಲಿ ಸುಮಾರು ಶೇಕಡ 2, ಬೆಂಗಳೂರಿನ ಬಿಸಿಲಿಗೆ ಶೇಕಡ 10ಕ್ಕೂ ಹೆಚ್ಚು. ಆದರೆ ಕುಡುಕನ ಮನೆಯಲ್ಲಿ ಆವಿಯಾಗುವುದು ಮಕ್ಕಳ ಪಾಲು.

ಸಮಾರಿಯದ ಸ್ತ್ರೀಗೆ ಬಾವಿಯ ಬಳಿ ಪ್ರಭು ಯೇಸು ನೀಡಬಯಸಿದ ಜೀವಜಲಕ್ಕೆ ಭಟ್ಟಿ ಬೇಕಿಲ್ಲ, ಬೆಲೆಯೂ ಇಲ್ಲ. ಈ ಹಬ್ಬದಂದು ಮಕ್ಕಳ ಪಾಲು ಮಕ್ಕಳಿಗೇ ಸೇರಲಿ.