ಕೀಲಿಕೈ ಎಷ್ಟು ಕೊಡಬೇಕು?

‘ತಮ್ಮಾ, ರೊಕ್ಕ ನಂದು, ವೆಬ್‌ಸೈಟ್ ನಂದು. ಪಾಸ್‌ವರ್ಡ್ ಯಾಕ ನಿನ್ನ ಹತ್ರ ಐತಿ?’

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ ಕೊಡುವ ಸರ್ ಒಬ್ಬರು ಹೀಗೆ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಬಿಸಿಎ ಮುಗಿಸಿ, ನೌಕರಿ ಹುಡುಕುತ್ತ, ಹುಬ್ಬಳ್ಳಿ ವಿದ್ಯಾನಗರದ ರೂಮಿನಲ್ಲಿ ಕುಳಿತು ವೆಬ್‌ಸೈಟ್ ಮಾಡಿಕೊಡುತ್ತಿದ್ದ ದಿನಗಳವು. ಅವರು ನನ್ನ ಮೂರನೇ ಗಿರಾಕಿ. ಇಲ್ಲ ಎನ್ನಲು ಮುಜುಗರವಾಗಿ ಸಿಪ್ಯಾನೆಲ್ ಲಾಗಿನ್ ಅನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಟ್ಟೆ.

ಎರಡು ತಿಂಗಳ ನಂತರ ಬೆಳಿಗ್ಗೆ ಫೋನ್ ಬಂತು. ಸೈಟ್ ತೆರೆಯುತ್ತಿಲ್ಲ. ಆಫೀಸಿನ ಹುಡುಗ ‘ಜಾಗ ತುಂಬಿದೆ’ ಎಂಬ ಸೂಚನೆ ನೋಡಿ ಫೈಲ್ ಮ್ಯಾನೇಜರ್ ತೆರೆದು, ಎಲ್ಲಕ್ಕಿಂತ ದೊಡ್ಡದಾಗಿ ಕಂಡ ‘ಪಬ್ಲಿಕ್ ಎಚ್‌ಟಿಎಂಎಲ್’ ಫೋಲ್ಡರ್ ಅಳಿಸಿದ್ದ. ಕಸದ ಬುಟ್ಟಿಗೂ ಹೋಗದಂತೆ ಟಿಕ್ ಮಾಡಿ! ಸೈಟ್ ಇರುವುದೇ ಆ ಫೋಲ್ಡರಿನೊಳಗೆ. ಡೇಟಾಬೇಸ್ ಬೇರೆ ಕಡೆ ಇರುವುದರಿಂದ ಬರಹಗಳು ಉಳಿದವು. ನನ್ನ ಬ್ಯಾಕಪ್ 11 ದಿನ ಹಳೆಯದು. ಆಮೇಲೆ ಸೇರಿಸಿದ್ದ ಪ್ರಶ್ನೆಪತ್ರಿಕೆಗಳ ಪಿಡಿಎಫ್‌ಗಳೆಲ್ಲ ಹೋದವು. ಹುಡುಗನನ್ನು ಬೈದರು. ಬೈಸಿಕೊಳ್ಳಬೇಕಾದವನು ನಾನು. ನೋಟಿಸ್ ಹಾಕುವುದಷ್ಟೇ ಕೆಲಸವಾಗಿದ್ದವನ ಕೈಗೆ ಇಡೀ ಮನೆಯ ಕೀಲಿಕೈ ಕೊಟ್ಟವನು ನಾನೇ ತಾನೆ?

ಅಲ್ಲಿಂದ ನಾನು ಇನ್ನೊಂದು ತುದಿಗೆ ಹೋದೆ. ಮುಂದಿನ ಗಿರಾಕಿಗಳಿಗೆ ಏನನ್ನೂ ಕೊಡಲಿಲ್ಲ. ಡೊಮೇನ್ ನನ್ನ ಹೆಸರಿನಲ್ಲಿ, ಹೋಸ್ಟಿಂಗ್ ನನ್ನ ಖಾತೆಯಲ್ಲಿ, ಇಮೇಲ್ ವಿಳಾಸವೂ ನನ್ನದೇ. ದುರ್ಗದಬೈಲಿನ ಬಟ್ಟೆ ವ್ಯಾಪಾರಿ ಕಾಕಾ ಒಬ್ಬರ ಡೊಮೇನ್ ಅವಧಿ ಮುಗಿಯುವ ಹೊತ್ತಿಗೆ ನಾನು ಇಂಟರ್‌ವ್ಯೂಗೆಂದು ಬೆಂಗಳೂರಿನಲ್ಲಿದ್ದೆ. ನವೀಕರಣದ ಸೂಚನೆಗಳು ನಾನು ನೋಡುವುದನ್ನೇ ಬಿಟ್ಟಿದ್ದ ಹಳೆಯ ಇಮೇಲಿಗೆ ಬಂದು ಬಿದ್ದಿದ್ದವು. ನಾಲ್ಕು ದಿನ ಸೈಟೂ ಇಲ್ಲ, ಅದೇ ಹೆಸರಿನ ಇಮೇಲೂ ಇಲ್ಲ. ಆರ್ಡರ್‌ಗಳು ಬರುತ್ತಿದ್ದುದೇ ಆ ಇಮೇಲಿಗೆ. ಕಾಕಾ ಸಿಟ್ಟಾಗಲಿಲ್ಲ. ‘ನಾಳೆ ನಿನಗ ಅಲ್ಲೇ ನೌಕರಿ ಸಿಕ್ತು ಅಂದ್ರ ನಾ ಯಾರನ್ನ ಹುಡುಕ್ಕೋತ ಹೋಗ್ಲಿ?’ ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ನಾನು ‘ಸುರಕ್ಷತೆ’ ಎಂದು ಕರೆಯುತ್ತಿದ್ದುದರಲ್ಲಿ ಅರ್ಧ ಭಯವಿತ್ತು. ಎಲ್ಲ ಕೊಟ್ಟರೆ ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಾರೆ ಎಂಬ ಭಯ. ನಮ್ಮಂಥ ಫ್ರೀಲಾನ್ಸರ್‌ಗಳಲ್ಲಿ ಇದನ್ನು ಒಪ್ಪಿಕೊಳ್ಳುವವರು ಕಡಿಮೆ.

ಮಾಲೀಕತ್ವ ಬೇರೆ, ನಿರ್ವಹಣೆ ಬೇರೆ ಎಂಬುದು ನನಗೆ ಆಮೇಲೆ ಹೊಳೆದದ್ದು. ಡೊಮೇನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಕಾಗದದ ಮೇಲೆ ಅವರೇ ಅದರ ಹಕ್ಕುದಾರರು. ಬೇರೆ ಕಂಪನಿಗೆ ವರ್ಗಾಯಿಸಲು ಬೇಕಾದ ಆಥ್ ಕೋಡ್ ಕೂಡ ಆ ಖಾತೆಯಲ್ಲೇ ಸಿಗುವುದು. ಹಾಗಾಗಿ ಡೊಮೇನ್ ಗಿರಾಕಿಯ ಹೆಸರು, ಗಿರಾಕಿಯ ಇಮೇಲ್, ಗಿರಾಕಿಯ ಮೊಬೈಲ್ ನಂಬರಿನಲ್ಲೇ ಇರಬೇಕು. ಇದರಲ್ಲಿ ರಾಜಿ ಇಲ್ಲ.

ದಿನದ ಕೆಲಸಕ್ಕೆ ಮಾತ್ರ ಅಳೆದು ಕೊಡಬೇಕು. ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ದರ್ಜೆಗಳೇ ಇವೆ. ‘ಎಡಿಟರ್’ ಆದವರು ಎಲ್ಲ ಪುಟಗಳನ್ನೂ ತಿದ್ದಬಹುದು, ಪ್ಲಗಿನ್ ಹಾಕಲಾರರು. ‘ಆಥರ್’ ತಾನು ಬರೆದದ್ದನ್ನು ಮಾತ್ರ ಪ್ರಕಟಿಸಬಹುದು. ‘ಕಾಂಟ್ರಿಬ್ಯೂಟರ್’ ಬರೆದಿಡಬಹುದು, ಪ್ರಕಟಿಸುವವರು ಬೇರೆ. ಫೈಲ್ ಏರಿಸಲೇಬೇಕು ಎಂದರೆ ಒಂದೇ ಫೋಲ್ಡರಿಗೆ ಸೀಮಿತವಾದ ಎಫ್‌ಟಿಪಿ ಖಾತೆ ಮಾಡಿಕೊಡಬಹುದು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಎಂಬ ಈ ತತ್ವವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬಿಬ್ಬರು 1975ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ನಾನು ಸೆಕ್ಯುರಿಟಿ ವಿಷಯದಲ್ಲಿ ಓದಿ, ಪಾಸಾಗಿ, ಮರೆತಿದ್ದೆ.

ಇನ್ನೊಂದು ತಪ್ಪು ತಿದ್ದಿಕೊಳ್ಳಲು ಖರ್ಚಾಯಿತು. ಹಣ ಉಳಿಸಲೆಂದು ಐದು ಗಿರಾಕಿಗಳ ಸೈಟುಗಳನ್ನು ಒಂದೇ ಸಿಪ್ಯಾನೆಲ್‌ನಲ್ಲಿ ಇಟ್ಟಿದ್ದೆ. ಒಬ್ಬರಿಗೆ ಲಾಗಿನ್ ಕೊಟ್ಟರೆ ಉಳಿದ ನಾಲ್ವರ ಮನೆಯೂ ಅವರಿಗೆ ತೆರೆದಂತೆ. ಈಗ ಎಲ್ಲರಿಗೂ ಬೇರೆ ಬೇರೆ ಖಾತೆ. ಹೆಚ್ಚಿದ ಖರ್ಚನ್ನು ಕೊಟೇಶನ್‌ನಲ್ಲೇ ಬರೆಯುತ್ತೇನೆ. ಒಬ್ಬರು ದುಬಾರಿಯಾಯಿತು ಎಂದು ಬಿಟ್ಟುಹೋದರು.

ಹೋಸ್ಟಿಂಗ್‌ನ ಪೂರ್ತಿ ಪಾಸ್‌ವರ್ಡ್? ಅದೂ ಗಿರಾಕಿಯ ಬಳಿ ಇರಲೇಬೇಕು, ವಾಟ್ಸ್‌ಆ್ಯಪ್‌ನಲ್ಲಿ ಅಲ್ಲ. ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಚ್ಚಿ, ‘ನಾನು ಸಿಗದಿದ್ದರೆ ಮಾತ್ರ’ ಎಂದು ಮೇಲೆ ಬರೆದು ಕೊಡುತ್ತೇನೆ. ವಾರಕ್ಕೊಮ್ಮೆಯ ಬ್ಯಾಕಪ್ ಅವರದೇ ಡ್ರೈವ್‌ಗೆ ಹೋಗುತ್ತದೆ.

ಕಾಕಾನ ಡೊಮೇನ್ ಈಗ ಅವರ ಮಗಳ ಇಮೇಲಿನಲ್ಲಿದೆ. ಸಪ್ತಾಪುರದ ಸರ್ ಲಕೋಟೆಯನ್ನು ಕಪಾಟಿನಲ್ಲಿಟ್ಟಿದ್ದಾರೆ. ಕಳೆದ ವಾರ ಫೋನ್ ಮಾಡಿದ್ದರು.

‘ತಮ್ಮಾ, ಲಕೋಟೆ ಒಡೀಲೇನು?’

‘ಯಾಕ್ರೀ ಸರ?’

‘ಹೊಸ ಬ್ಯಾಚಿನ ಫೋಟೊ ಹಾಕಬೇಕಿತ್ತು.’

ಅದಕ್ಕೆ ಆ ಹುಡುಗನ ಎಡಿಟರ್ ಲಾಗಿನ್ ಸಾಕು ಎಂದೆ.